ನಕ್ಷೆಯಲ್ಲಿ ಇದು ನೀಲಿ

ಹತ್ತು ಲುದಿವಿನ್, ಗಾಡಿ ಹತ್ತು.
ಡಾಂಬರಿನ ಲಾರಿ ಬರುವುದು ಎರಡಕ್ಕೆ.
ಅಷ್ಟರಲ್ಲಿ ದ್ವೀಪ ಒಂದು ಸುತ್ತು ತೋರಿಸುತ್ತೇನೆ.
ಇಲಾಖೆಯ ನಕ್ಷೆ ಹಿಂದಿನ ಸೀಟಿನಲ್ಲಿದೆ, ಅಲ್ಲೇ ಇರಲಿ,
ಅದರ ಮೇಲೆ ನಾನು ಬುತ್ತಿ ಇಡುತ್ತೇನೆ.

ಇದು ಪಡುವಣ, ಮಳೆ ಮರೆತ ಮಗ್ಗುಲು.
ಹಳದಿ ಹುಲ್ಲು, ಹವಳದ ದಂಡೆ,
ಬಿಸಿಲು ಕಾಯಲು ದುಡ್ಡು ಕೊಟ್ಟು ಬಂದವರು.
ಮೋಡವೆಲ್ಲ ಮೂಡಣದಲ್ಲೇ ಬೆಟ್ಟಕ್ಕೆ ಢಿಕ್ಕಿ ಹೊಡೆದು
ಇದ್ದಬದ್ದದ್ದನ್ನು ಅಲ್ಲೇ ಸುರಿದುಬಿಡುತ್ತದೆ.
ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು,
ಒಬ್ಬನ ಅಂಗಿ ಎಂದೂ ಒಣಗುವುದಿಲ್ಲ.

ಮೇಲೆ, ಮೋಡದೊಳಗೆ, ಮೂರು ಬಾಣಲೆ:
ಸಲಾಝಿ, ಸಿಲಾವ್ಸ್, ಮಫಾತ್.
ಸತ್ತ ಹಳೇ ಬೆಂಕಿಬೆಟ್ಟ ಕುಸಿದು ಆದ ಹಳ್ಳಗಳು.
ಮಫಾತಿಗೆ ಇವತ್ತಿಗೂ ರಸ್ತೆ ಇಲ್ಲ,
ಮೂವತ್ತು ವರ್ಷ ರಸ್ತೆ ಹಾಕಿದವನು ಹೇಳುತ್ತೇನೆ ಕೇಳು,
ಬೇಡ.
ಮಡಗಾಸ್ಕರಿನಿಂದ ಸರಪಳಿಯಲ್ಲಿ ಬಂದವರು
ಸರಪಳಿ ಕಡಿದು ಅಲ್ಲಿಗೆ ಹತ್ತಿದರು,
ತಮ್ಮ ನುಡಿಯಲ್ಲಿ ಕಣಿವೆಗಳನ್ನು ಕರೆದರು.
ಕರಾವಳಿಯ ಊರುಗಳೆಲ್ಲ ಸಂತ ಇವನು, ಸಂತ ಅವನು,
ಒಡೆಯರು ಇಟ್ಟ ಹೆಸರು.
ಕೆಳಗೆ ಸಂತರು, ಮೇಲೆ ಓಡಿಹೋದವರು.
ಇಷ್ಟೇ ಇಲ್ಲಿಯ ಚರಿತ್ರೆ, ಪರೀಕ್ಷೆಗೆ ಸಾಕು.

ನಾವು ಬಂದದ್ದು ಅದಾದ ಮೇಲೆ.
ಗುಲಾಮರಿಗೆ ಬಿಡುಗಡೆಯಾಗಿತ್ತು, ಕಬ್ಬಿಗೆ ಆಗಿರಲಿಲ್ಲ.
ತಮಿಳು ಕಡಲಿನ ಕಡೆಯಿಂದ ಮುತ್ತಜ್ಜ, ಐದು ವರ್ಷದ ಕರಾರು.
ಹೆಸರೇನೆಂದರೆ ವೀರಪ್ಪನ್ ಎಂದನಂತೆ,
ಬರೆಯುವವನ ಕಿವಿಗೆ ನೆಗಡಿ.
ವಿರಾಪೆಂ.
ಆ ಕಾಗುಣಿತದ ತಪ್ಪಿನಲ್ಲೇ
ಐದು ತಲೆಮಾರು ವಾಸವಾಗಿದ್ದೇವೆ, ಸೋರುವುದಿಲ್ಲ.

ನಿಧಾನ. ಇನ್ನು ಮುಂದೆ ಎಲ್ಲ ಕಪ್ಪು.
ದೊಡ್ಡ ಸುಟ್ಟನೆಲ ಎನ್ನುತ್ತಾರೆ.
ಇಲ್ಲೊಬ್ಬಳು ಮಾತೆ ನಿಂತಿದ್ದಳು, ನೀಲಿ ಕೊಡೆ ಹಿಡಿದು,
ಬೆಂಕಿಯನ್ನು ತಡೆಯಲಿ ಅಂತ.
ಬೆಂಕಿ ಬಂದಾಗಲೆಲ್ಲ ನಾವೇ ಅವಳನ್ನೆತ್ತಿ
ಕಂಬಳಿ ಸುತ್ತಿ ಲಾರಿಗೆ ಹಾಕುತ್ತಿದ್ದೆವು,
ಕೊಡೆ ಬೇರೆ, ತಾಯಿ ಬೇರೆ.
ನಗಬೇಡ. ನಾನೂ ಕೈ ಮುಗಿದಿದ್ದೇನೆ.
ಜನವರಿಯಲ್ಲಿ ಹದಿನೆಂಟು ದಿನ ಮಾಂಸ ಬಿಟ್ಟು
ಬರಿಗಾಲಲ್ಲಿ ಕೆಂಡ ಹಾಯುತ್ತೇನೆ,
ಉಳಿದ ವರ್ಷ ಸರ್ಕಾರದ ಬೂಟು ಹಾಕಿಕೊಂಡು ಅದೇ ಕೆಲಸ.

ಅಲ್ಲಿ, ಆ ಜರಿಗಿಡದ ಎಡಕ್ಕೆ,
ನಮ್ಮವ್ವನ ವೆನಿಲಾ ಇತ್ತು.
ಕೇದಗೆ ಮರಕ್ಕೆ ಹಬ್ಬಿಸಿದ್ದಳು.
ಮಧ್ಯಾಹ್ನಕ್ಕೆ ಬಾಡುವ ಹೂವು, ಬೆಳಗಾಗುತ್ತಲೇ ಹೋಗಿ
ಒಂದೊಂದಕ್ಕೂ ನಿಂಬೆಮುಳ್ಳಿನಿಂದ ಮದುವೆ ಮಾಡುತ್ತಿದ್ದಳು.
ಈಗದು ನಾಲ್ಕಾಳು ಆಳದಲ್ಲಿದೆ,
ಮೇಲೆ ಎರಡು ಸಲ ರಸ್ತೆ ಹಾಕಿದವನು ನಾನೇ.
ಮೊದಲ ವರ್ಷ ಬೂಟಿನ ಅಡಿ ಮೆತ್ತಗಾಗುತ್ತಿತ್ತು,
ಮಳೆ ಬಿದ್ದರೆ ಊರುದ್ದ ಹಬೆ.
ವೆನಿಲಾ ಘಮ ಬರುತ್ತಾ ಅಂತ ಪೇಪರಿನವನೊಬ್ಬ ಕೇಳಿದ.
ಇಲ್ಲ ಸ್ವಾಮಿ. ಗಂಧಕ.

ಅವ್ವ ಆಮೇಲೆ ಹನ್ನೊಂದು ವರ್ಷ ಬದುಕಿದಳು.
ಬೆಟ್ಟವನ್ನು ಒಂದು ದಿನವೂ ಬೈಯಲಿಲ್ಲ,
ಅಂಚೆಯಲ್ಲಿ ಬರುತ್ತಿದ್ದ ಕಂದಾಯದ ಚೀಟಿಯನ್ನು ಬೈದಳು.

ಇಳಿ. ಬಂತು.
ಈ ಕಡಲ ದಂಡೆ ನಿನಗಿಂತ ಮೂರು ವರ್ಷ ಚಿಕ್ಕದು.
ಮರಳು ಹಿಡಿ, ಬೆರಳಿಗೆ ಹಸಿರು ಹರಳು ಹತ್ತುತ್ತದೆ,
ಜೇಬಿಗೆ ಹಾಕಬೇಡ, ಎಲ್ಲರೂ ಹಾಕುತ್ತಾರೆ.
ಅಳೆಯುವ ಗಾಲಿ ತಾ. ನಕ್ಷೆ ಬಿಡಿಸು.
ಬುತ್ತಿಯ ಎಣ್ಣೆ ಅಂಟಿದೆಯಲ್ಲ, ಅದರ ಬಲಕ್ಕೆ,
ಗೆರೆ ದಾಟಿ, ಇನ್ನೂ ಬಲಕ್ಕೆ:
ನಾವು ನಿಂತಿರುವುದು ಅಲ್ಲಿ.
ಹೌದು, ನೀಲಿಯಲ್ಲಿ.

ಕೂತುಕೋ. ಸಿಲಾವ್ಸಿನ ಮಸೂರ ಇದು, ಹೆಂಡತಿಯ ತವರಿನದು.
ಉಪ್ಪು ಸಾಲದಿದ್ದರೆ ಹೇಳು.